ಜವಳಿಗೆ ಹೊರಡುವ ಮುನ್ನ

ಮಗಳ ಮದುವೆ ಗೊತ್ತಾಯಿತೆಂಬ ಸುದ್ದಿ ಬೀದಿಗೆ ಬಿತ್ತೋ ಇಲ್ಲವೋ, ಎರಡು ಪ್ರಶ್ನೆಗಳು ಬೆನ್ನು ಹತ್ತುತ್ತವೆ. ‘ಜವಳಿ ಎಲ್ಲಿ ತೆಗೀತೀರಿ?’ ‘ಒಡವೆ ಎಷ್ಟು ಹಾಕ್ತೀರಿ?’ ಹೂವಿನವಳ ಹತ್ತಿರ ಮೊಳ ಹಾಕಿಸುವಾಗಲೂ ಇದೇ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಾಗಲೂ ಇದೇ. ಕೇಳುವವರಿಗೇನು, ಬಾಯಿಮಾತು. ಉತ್ತರ ಹೇಳಬೇಕಾದ ತಾಯಿಯ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿರುತ್ತದೆ. ಇದನ್ನು ಓದುತ್ತಾ ನಿಮ್ಮಲ್ಲಿ ಎಷ್ಟೋ ಜನ ತಲೆಯಾಡಿಸುತ್ತಿದ್ದೀರೆಂದು ಬಲ್ಲೆ. ಅದಕ್ಕೇ ನಮ್ಮ ಮನೆಯ ಕಥೆಯನ್ನು ನಿಮ್ಮೆದುರು ಹೇಳಿಕೊಳ್ಳೋಣವೆನಿಸಿತು.

ನಮ್ಮದು ತಿಪಟೂರಿನ ಕಡೆ. ಯಜಮಾನರು ಸಹಕಾರ ಸಂಘವೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಎರಡೆಕರೆ ತೆಂಗಿನ ತೋಟವಿದೆ. 2025ರಲ್ಲಿ ಕೊಬ್ಬರಿಗೆ ಒಳ್ಳೆಯ ದರ ಬಂದದ್ದರಿಂದ ಛತ್ರ, ಊಟ, ವಾಲಗದ ಖರ್ಚಿಗೆ ಹೇಗೋ ದಾರಿಯಾಯಿತು. ಜವಳಿಗೂ ಒಡವೆಗೂ ಸೇರಿಸಿ ಎತ್ತಿಟ್ಟ ಹಣ ಒಂದು ಲಕ್ಷದ ಅರವತ್ತು ಸಾವಿರ. ಹತ್ತು ಗ್ರಾಂ ಅಪರಂಜಿಯ ಬೆಲೆ ಒಂದು ಲಕ್ಷ ದಾಟಿದ್ದೂ ಅದೇ ವರ್ಷ! ಕೊಬ್ಬರಿ ಏರಿತೆಂದು ನಾವು ಹಿಗ್ಗುವಷ್ಟರಲ್ಲಿ ಚಿನ್ನ ಅದರ ತಲೆಯ ಮೇಲೆ ಕಾಲಿಟ್ಟುಕೊಂಡು ಮುಂದೆ ಹೋಯಿತು.

ಬೀಗರು ಒಳ್ಳೆಯವರೇ, ಏನನ್ನೂ ಕೇಳಲಿಲ್ಲ. ಆದರೆ ಹುಡುಗನ ತಾಯಿ ಹೊರಡುವಾಗ ಹೊಸಲಿನ ಬಳಿ ನಿಂತು ಒಂದು ಮಾತು ಆಡಿದರು. ‘ನಾವೇನೂ ಕೇಳೋದಿಲ್ಲಮ್ಮ. ನಿಮ್ಮ ಮಗಳಿಗೆ ನೀವು ಹಾಕೋದು, ಅದು ನಿಮಗೇ ಶೋಭೆ.’ ಕೇಳಲಿಲ್ಲ, ನಿಜ. ಆದರೆ ಈ ‘ಶೋಭೆ’ ಎಷ್ಟು ಗ್ರಾಂ ತೂಗುತ್ತದೆಂದು ಯಾವ ತಕ್ಕಡಿಯಲ್ಲಿಟ್ಟು ನೋಡುವುದು, ನೀವೇ ಹೇಳಿ! ಆ ರಾತ್ರಿ ಯಜಮಾನರು ಮಗ್ಗುಲು ಬದಲಿಸಿ ಬದಲಿಸಿ ಸಾಕಾಗಿ ಎದ್ದು ಕೂತರು. ‘ಸೊಸೈಟೀಲಿ ಎರಡು ಲಕ್ಷ ಸಾಲ ಎತ್ತಿದ್ರೆ ಹೇಗೆ? ಎರಡು ಮೂರು ವರ್ಷದಲ್ಲಿ ತೀರಿಸಬಹುದು’ ಎಂದರು. ‘ಬೇಡ’ ಎಂದೆ. ನನ್ನ ದನಿ ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು, ಪಕ್ಕದ ಕೋಣೆಯಲ್ಲಿ ಮಗಳು ಕೆಮ್ಮಿದಳು.

ಆ ‘ಬೇಡ’ದ ಹಿಂದೆ ಮೂವತ್ತಾರು ವರ್ಷವಿದೆ. ನನ್ನ ಮದುವೆ ಆದದ್ದು 1989ರಲ್ಲಿ. ಇಪ್ಪತ್ತು ಗ್ರಾಮಿನ ಎರಡೆಳೆ ಸರ ಮಾಡಿಸಲು ಅಪ್ಪ ಹೊಲದ ಮೇಲೆ ಸಾಲ ತೆಗೆದರು. ಮುಂದಿನ ಎರಡು ಬೆಳೆ ಕೈಗೆ ಹತ್ತಲಿಲ್ಲ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ. ನನ್ನ ತಮ್ಮ ಆಗ ಪಿಯುಸಿಗೆ ಸೇರಿದ್ದ. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತು ತೆಗೆಯುತ್ತಿದ್ದ ಹುಡುಗ. ಎರಡನೆಯ ವರ್ಷಕ್ಕೆ ಫೀಸು ಕಟ್ಟಲಾಗದೆ ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯಲು ಹೋದ. ಸಾಲ ತೀರುವ ಹೊತ್ತಿಗೆ ಅವನಿಗೆ ಇಪ್ಪತ್ತಮೂರು. ಓದಿಗೆ ಮರಳುವ ವಯಸ್ಸೂ ದಾಟಿತ್ತು, ಮನಸ್ಸೂ ದಾಟಿತ್ತು. ಇವತ್ತಿನವರೆಗೆ ಅವನು ಈ ಬಗ್ಗೆ ಒಂದು ಮಾತು ಆಡಿದವನಲ್ಲ. ಹಬ್ಬಕ್ಕೆಂದು ಆ ಸರ ಹಾಕಿಕೊಂಡಾಗಲೆಲ್ಲ ನನಗೆ ಮಾತ್ರ ಅವನ ಪುಸ್ತಕದ ಚೀಲವೇ ಕೊರಳಿಗೆ ಜೋತುಬಿದ್ದಂತಾಗುತ್ತಿತ್ತು.

ಆದ್ದರಿಂದ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಬೀಗಿತ್ತಿಗೆ ಫೋನು ಮಾಡಿದೆ. ಯಜಮಾನರು ‘ಮಾನ ಹೋಗುತ್ತೆ ಕಣೇ’ ಎಂದು ಕೈ ಹಿಡಿದರೂ ಬಿಡಲಿಲ್ಲ. ‘ಅಕ್ಕಾ, ನಮ್ಮ ಕೈಲಾಗೋದು ಇಷ್ಟು. ಹುಡುಗನಿಗೆ ನಾಲ್ಕು ಗ್ರಾಮಿನ ಉಂಗುರ. ಮಗಳಿಗೆ ಒಂದು ಸರ, ಒಂದು ಜೊತೆ ಓಲೆ, ನಮ್ಮ ಕಡೆಯ ತಾಳಿ ಬೊಟ್ಟು. ಇದಕ್ಕೆ ಮೇಲೆ ಹಾಕ್ಬೇಕು ಅಂದ್ರೆ ಸಾಲ ಮಾಡ್ಬೇಕು. ಆ ಸಾಲಕ್ಕೆ ಕೊನೆಗೆ ನಿಮ್ಮ ಸೊಸೆ ಸಂಬಳದ ಕಡೆಗೇ ನೋಡೋ ಹಾಗಾಗುತ್ತೆ’ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬೀಗಿತ್ತಿ ಹೇಳಿದ್ದು ಕೇಳಿದರೆ ನೀವು ನಗುತ್ತೀರಿ. ‘ಅಯ್ಯೋ, ಆಗ್ಲಿ ಬಿಡಿ. ನಾವೂ ಹುಡುಗಿಗೆ ಉಂಗುರ ಸಣ್ಣದೇ ನೋಡ್ತಾ ಇದ್ವಿ. ನಿಮಗೆ ಹೇಗೆ ಹೇಳೋದು ಅಂತ ಸಂಕೋಚ ಇತ್ತು.’ ನೋಡಿದಿರಾ? ಎರಡೂ ಮನೆಯವರು ಒಬ್ಬರಿಗೊಬ್ಬರು ಹೆದರಿಕೊಂಡು ಸಾಲದ ಅರ್ಜಿ ಹಿಡಿದು ಕೂತಿದ್ದೆವು!

ಒಡವೆಯ ಪಟ್ಟಿಯೇನೋ ಸಿದ್ಧವಾಯಿತು. ಆದರೆ ಅದನ್ನೆಲ್ಲ ಹೊಸ ಚಿನ್ನದಲ್ಲಿ ಕೊಂಡರೆ ಸೀರೆಗೆ ಬಿಡಿಗಾಸೂ ಉಳಿಯುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಆ ಎರಡೆಳೆ ಸರವಿತ್ತು. ಕರಗಿಸಬೇಕೆಂಬ ಯೋಚನೆ ಬಂದಾಗ ಮೊದಲು ತಮ್ಮನನ್ನು ಕೇಳಬೇಕೆನಿಸಿತು. ಸರ ನನ್ನದಾದರೂ ಅದರ ಬೆಲೆ ತೆತ್ತವನು ಅವನಲ್ಲವೇ? ಅವನು ಅಂದದ್ದು ಇಷ್ಟೇ. ‘ಕರಗಿಸಕ್ಕಾ. ಈಗಲಾದ್ರೂ ಅದು ಸಾಲ ಇಲ್ದೆ ಒಡವೆ ಆಗ್ಲಿ. ನಾನೂ ಬರ್ತೀನಿ.’

ಹಳೆಯ ಚಿನ್ನ ಕೊಟ್ಟು ಹೊಸದು ಮಾಡಿಸುವವರು ಇಲ್ಲಿ ಸ್ವಲ್ಪ ಗಮನವಿಟ್ಟು ಓದಿ. ನಾವು ಹೋದ ಮೊದಲನೆಯ ಅಂಗಡಿಯಲ್ಲಿ ಸರವನ್ನು ಅಂಗೈಯಲ್ಲಿ ಕುಲುಕಿ ನೋಡಿ, ‘ಹಳೇ ಮಾಲು, ನೂರಕ್ಕೆ ಎಪ್ಪತ್ತೈದರ ಲೆಕ್ಕ ಹಿಡೀತೀವಿ’ ಎಂದರು. ಪರೀಕ್ಷೆಯಿಲ್ಲ, ಪಾಡಿಲ್ಲ. ಎದ್ದು ಬಂದೆವು. ಎರಡನೆಯ ಅಂಗಡಿಯಲ್ಲಿ ನಮ್ಮ ಕಣ್ಣೆದುರೇ ತೂಗಿದರು, ಮೆಷಿನ್ನಿನಲ್ಲಿಟ್ಟು ನೋಡಿದರು, ಕರಗಿಸಿ ಮತ್ತೆ ತೂಗಿದರು, ಮತ್ತೆ ಮೆಷಿನ್ನಿಗಿಟ್ಟರು. ನೀವೂ ಹೀಗೆಯೇ ಮಾಡಿಸಿ. ಕರಗಿಸುವ ಮುಂಚೆಯೇ ‘ಎಷ್ಟು ಕಳೀತೀರಿ, ಯಾವ ದರ ಹಿಡೀತೀರಿ’ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಕರಗಿದ ಮೇಲೆ ಅದು ನಿಮ್ಮ ಸರವಲ್ಲ, ಬರೀ ಒಂದು ಗಟ್ಟಿ. ‘ಬೇಡ, ವಾಪಸು ಕೊಡಿ’ ಎನ್ನಲು ಬಾಯಿ ಬರುವುದಿಲ್ಲ. ಅಂಗಡಿಯವರ ಮೇಲೆ ನಂಬಿಕೆಯಿಲ್ಲದಿದ್ದರೆ ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಸಣ್ಣ ಶುಲ್ಕ ಕೊಟ್ಟು ನಮ್ಮಂಥವರೂ ಪರೀಕ್ಷೆ ಮಾಡಿಸಬಹುದು.

ನಮ್ಮ ಸರದ ಪರೀಕ್ಷೆಯಲ್ಲಿ ಬಂದ ಅಂಕಿ 83.5. ಇಪ್ಪತ್ತೆರಡು ಕ್ಯಾರೆಟ್ ಆಗಿದ್ದರೆ 91.6 ಬರಬೇಕಿತ್ತು. ಅಂಗಡಿಯ ಹುಡುಗ ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ನನ್ನ ತಮ್ಮ ಮನಸ್ಸಿನಲ್ಲೇ ಗುಣಿಸಿ ಭಾಗಿಸಿ, ‘ಇಪ್ಪತ್ತೆರಡು ಕ್ಯಾರೆಟ್ಟಿನ ಲೆಕ್ಕಕ್ಕೆ ಹದಿನೆಂಟು ಪಾಯಿಂಟ್ ಎರಡು ಗ್ರಾಂ’ ಎಂದ. ಹುಡುಗ ಒತ್ತಿ ನೋಡಿದ, ಅಷ್ಟೇ ಬಂತು. ‘ಸಾರ್, ಮೇಷ್ಟ್ರಾ?’ ಎಂದು ಕೇಳಿದ. ತಮ್ಮ ‘ಅಲ್ಲಪ್ಪ’ ಎಂದವನು ಟೀ ಕುಡಿದು ಬರುತ್ತೇನೆಂದು ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅಪ್ಪ ಇಪ್ಪತ್ತು ಗ್ರಾಮಿಗೆ ಸಾಲ ಮಾಡಿದರು, ಅವರ ಕೈಗೆ ಬಂದದ್ದು ಹದಿನೆಂಟು ಚಿಲ್ಲರೆ. ಬೆಸುಗೆಗೆ ಹಾಕಿದ ಬೆರಕೆಯೂ ಹಳೆಯ ಒಡವೆಯ ಅಂಕಿಯನ್ನು ಇಳಿಸುತ್ತದಂತೆ. ಹಾಗಾಗಿ ಪೂರ್ತಿ ತಪ್ಪನ್ನು ಮಾಡಿಕೊಟ್ಟವರ ಮೇಲೆ ಹೊರಿಸಲಾರೆ. ಆದರೂ ಹೊಟ್ಟೆ ಉರಿಯದೆ ಇರುತ್ತದೆಯೇ?

ಆಗೆಲ್ಲ ನೋಡುವ ಬಗೆಯಾದರೂ ಏನಿತ್ತು, ಒರೆಗಲ್ಲು ಮತ್ತು ನಂಬಿಕೆ. ನಮ್ಮಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ ಪದ್ಧತಿ ಬಂದದ್ದೇ 2000ದಲ್ಲಿ. ಅದಕ್ಕೂ ಹಿಂದೆ 1963ರಲ್ಲಿ, ಮೊರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿಗಳಾಗಿದ್ದಾಗ, ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಹೊಸ ಒಡವೆ ಮಾಡಲೇಬಾರದೆಂದು ಕಟ್ಟಳೆ ತಂದಿದ್ದರು. ನಮ್ಮಮ್ಮನ ಮದುವೆ 1964ರಲ್ಲಿ. ‘ಹಿತ್ತಾಳೆ ಬಣ್ಣದ ಚಿನ್ನ ನನ್ನ ಮಗಳಿಗೆ ಹಾಕೋಲ್ಲ’ ಎಂದು ಅಜ್ಜ ಹಟ ಹಿಡಿದು ಅಜ್ಜಿಯ ಹಳೆಯ ಅಡ್ಡಿಕೆಯನ್ನೇ ತೊಡಿಸಿದರಂತೆ. ಪಾಪ, ಆ ಕಾನೂನಿನಿಂದ ಎಷ್ಟೋ ಅಕ್ಕಸಾಲಿಗರ ಮನೆಯ ಒಲೆ ಆರಿತೆಂದು ಅಮ್ಮ ಹೇಳುತ್ತಿದ್ದಳು. ಅಂತೂ ತಲೆಮಾರಿಗೊಂದು ಬಗೆಯ ಪೀಕಲಾಟ.

ಈಗ ನಮಗೆ ಅಷ್ಟರಮಟ್ಟಿಗೆ ಅನುಕೂಲವಿದೆ. 2021ರ ಜೂನ್‌ನಿಂದ ಹಂತಹಂತವಾಗಿ ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತು, ಎಚ್‌ಯುಐಡಿ ಎನ್ನುತ್ತಾರಲ್ಲ, ಅದಿಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಒಡವೆಯ ಒಳಮೈಯಲ್ಲಿ ಬಿಐಎಸ್‌ನ ತ್ರಿಕೋನ, 22ಕೆ916 ಎಂಬ ಶುದ್ಧತೆ, ಆಮೇಲೆ ಈ ಆರಕ್ಷರದ ಗುರುತು, ಮೂರೂ ಇರಬೇಕು. ಅಂಗಡಿಯಲ್ಲಿ ಭೂತಗನ್ನಡಿ ಕೇಳಿದರೆ ಕೊಡುತ್ತಾರೆ, ನಾಚಿಕೊಳ್ಳಬೇಡಿ. ‘ಬಿಐಎಸ್ ಕೇರ್’ ಎಂಬ ಆ್ಯಪ್‌ನಲ್ಲಿ ಆ ಆರಕ್ಷರ ಹಾಕಿದರೆ ಒಡವೆಯ ಬಗೆ, ಶುದ್ಧತೆ, ಗುರುತು ಹಾಕಿದ ಕೇಂದ್ರ ಎಲ್ಲ ಬರುತ್ತದೆ. ನನ್ನ ಮಗಳು ಕೂತಲ್ಲೇ ನೋಡಿ ಮುಗಿಸಿದಳು.

ಆದರೆ ಬಡವರ ಪಾಲಿಗೆ ಇಲ್ಲೊಂದು ಸಂದಿಯಿದೆ. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಹಾಗೆಯೇ ವರ್ಷದ ವಹಿವಾಟು 40 ಲಕ್ಷದೊಳಗಿರುವ ಸಣ್ಣ ಅಂಗಡಿಗೂ ವಿನಾಯಿತಿ. ನಮ್ಮಂಥವರು ಕೊಳ್ಳುವುದೇ ಒಂದೂವರೆ ಗ್ರಾಮಿನ ಉಂಗುರ, ಗುಂಡುಗಳ ಮಧ್ಯೆ ಕೂರುವ ಪುಟ್ಟ ಬೊಟ್ಟು! ನಮ್ಮ ಕಡೆ ತಾಳಿಗೆ ಎರಡು ಬೊಟ್ಟು, ತವರಿನದೊಂದು, ಅತ್ತೆಮನೆಯದೊಂದು. ನಮ್ಮ ಪಾಲಿನ ಬೊಟ್ಟು 1.8 ಗ್ರಾಂ ಇತ್ತು, ಗುರುತಿರಲಿಲ್ಲ. ‘ಮೆಷಿನ್ನಿಗೆ ಇಟ್ಟು ತೋರಿಸಿ, ಬಿಲ್ಲಿನಲ್ಲಿ 22 ಕ್ಯಾರೆಟ್ ಅಂತ ಬರೆದುಕೊಡಿ’ ಎಂದೆ. ತೋರಿಸಿದರು, ಬರೆದುಕೊಟ್ಟರು. ಕೇಳದೆ ಯಾರೂ ತಾವಾಗಿ ಬರೆಯುವುದಿಲ್ಲ.

ಇನ್ನು ಮಜೂರಿಯ ವಿಷಯ. ಚಿನ್ನದ ದರದಲ್ಲಿ ಚೌಕಾಸಿ ನಡೆಯುವುದಿಲ್ಲ. ಅದು ದಿನದ ಬೋರ್ಡಿನ ಮೇಲಿರುತ್ತದೆ. ಜಗ್ಗಾಡುವ ಜಾಗವೆಂದರೆ ಮಜೂರಿ ಮತ್ತು ‘ವೇಸ್ಟೇಜು’. ಮಾತಿನ ಭರಾಟೆಯಲ್ಲಿ ಇದನ್ನು ಶೇಕಡಾ ಇಷ್ಟು ಎಂದು ಹಗುರವಾಗಿ ಹೇಳಿಬಿಡುತ್ತಾರೆ, ನಮಗೆ ಹೊಳೆಯುವುದಿಲ್ಲ. ನಾವು ಕೊಂಡ ದಿನ 22 ಕ್ಯಾರೆಟ್ಟಿಗೆ ಗ್ರಾಮಿಗೆ 11,200 ರೂಪಾಯಿ. ಅಳಿಯನ ನಾಲ್ಕು ಗ್ರಾಮಿನ ಉಂಗುರಕ್ಕೆ ಚಿನ್ನವೇ 44,800. ಮಜೂರಿ ಶೇಕಡಾ 12 ಆದರೆ 5,376, ಶೇಕಡಾ 20 ಆದರೆ 8,960. ಬೆರಳಿಗೇರುವ ಚಿನ್ನ ಅಷ್ಟೇ, ಕೈಬಿಡುವ ಹಣ ಮಾತ್ರ ಮೂರೂವರೆ ಸಾವಿರ ಹೆಚ್ಚು. ಆಮೇಲೆ ಎಲ್ಲದರ ಮೇಲೂ ಶೇಕಡಾ 3 ಜಿಎಸ್‌ಟಿ. ಹಳೆಯ ಚಿನ್ನ ಕೊಟ್ಟರೂ ಈ ತೆರಿಗೆ ಹೊಸ ಒಡವೆಯ ಪೂರ್ತಿ ಬೆಲೆಯ ಮೇಲೆಯೇ ಬೀಳುತ್ತದೆ. ಕೆತ್ತನೆ ಹೆಚ್ಚಿದ್ದಷ್ಟೂ ಮಜೂರಿ ಹೆಚ್ಚು. ಲಕ್ಷ್ಮಿ, ನವಿಲು, ಕಾಸು ಎಂದು ಮೈತುಂಬ ಕೆತ್ತಿದ ಸರಗಳ ಮುಂದೆ ಮಗಳು ಒಂದು ಗಳಿಗೆ ನಿಂತಳು. ಆಮೇಲೆ ತಾನೇ ಸರಿದು ಬಂದು, ‘ಸಾದಾ ಎಳೆ ಸರ ಸಾಕಮ್ಮ, ದಿನಾ ಆಫೀಸಿಗೂ ಹಾಕ್ಕೋಬಹುದು’ ಎಂದಳು. ನಿಂತದ್ದನ್ನು ನಾನು ಕಂಡಿರಲಿಲ್ಲವೆಂದು ಅವಳು ತಿಳಿದಿದ್ದಾಳೆ.

ಕಲ್ಲಿನ ಒಡವೆಯಾದರೆ ಹರಳಿನ ತೂಕವನ್ನು ಬೇರೆ ಕಳೆದು ಬರೀ ಚಿನ್ನದ ತೂಕವನ್ನು ಬಿಲ್ಲಿನಲ್ಲಿ ಬರೆಸಬೇಕು. ಓಲೆಗೆ ಹಾಗೆ ಮಾಡಿಸಿದೆವು. ಬೀಗರು ನಮ್ಮ ಹುಡುಗಿಗೆ ತಂದ ನಿಶ್ಚಿತಾರ್ಥದ ಉಂಗುರ 18 ಕ್ಯಾರೆಟ್ಟಿನದು, ಒಳಗೆ 750 ಎಂಬ ಗುರುತು. ನಮ್ಮ ಅತ್ತೆಗೆ ಅದು ರುಚಿಸಲಿಲ್ಲ. ನನ್ನನ್ನು ಕೇಳಿದರೆ ಹರಳಿನ ಉಂಗುರಕ್ಕೆ ಅದೇ ವಾಸಿ. ಗಟ್ಟಿಯಾಗಿರುವುದರಿಂದ ಕಲ್ಲು ಬೇಗ ಸಡಿಲವಾಗದು, ಪಾತ್ರೆ ತಿಕ್ಕಿದರೂ ಬೇಗ ಸವೆಯದು, ಬೆಲೆಯೂ ಇಳಿಯುತ್ತದೆ. 2025ರ ಜುಲೈಯಿಂದ 9 ಕ್ಯಾರೆಟ್ಟಿನ ಚಿನ್ನಕ್ಕೂ 375 ಎಂಬ ಹಾಲ್‌ಮಾರ್ಕ್ ಕೊಡುತ್ತಿದ್ದಾರೆ. ಅಷ್ಟು ಕೆಳಗಿಳಿಯಲು ನನ್ನ ಮನಸ್ಸು ಒಪ್ಪಲಿಲ್ಲ, ಹಳೆಯ ಕಾಲದವಳು ನೋಡಿ.

ಉಂಗುರದ ಅಳತೆಗೆ ಹುಡುಗನನ್ನೇ ಕರೆದುಕೊಂಡು ಹೋಗುವುದು ಎಲ್ಲಕ್ಕಿಂತ ಮೇಲು. ಆಗದಿದ್ದರೆ ಅವನು ಈಗ ಹಾಕುವ ಉಂಗುರವನ್ನೇ ತರಿಸಿ. ದಾರದ ಅಳತೆಯಾದರೆ ಬೆರಳಿನ ಬುಡಕ್ಕಲ್ಲದೆ ಗೆಣ್ಣಿಗೂ ಸುತ್ತಿ ನೋಡಿ, ಅದೂ ಸಂಜೆಯ ಹೊತ್ತು. ಬೆಳಗಿನ ತಂಪಿನಲ್ಲಿ ಬೆರಳು ಸಣ್ಣಗಿರುತ್ತದೆ. ಧಾರೆಯ ಬಿಸಿಯಲ್ಲಿ, ಹೊಗೆಯ ಮುಂದೆ, ಅರ್ಧಕ್ಕೆ ಸಿಕ್ಕಿಕೊಂಡ ಉಂಗುರವನ್ನು ತುಪ್ಪ ಸವರಿ ತೂರಿಸಿದ ಮದುವೆಗಳನ್ನು ನೀವೂ ನೋಡಿರಬೇಕು.

ಅಂತೂ ಹಳೆಯ ಸರದಿಂದ ಬಂದ ಹದಿನೆಂಟು ಗ್ರಾಮಿನಲ್ಲಿ (ಕರಗಿಸುವಾಗ ಚೂರು ಹೋಯಿತು) ಒಂಬತ್ತು ಗ್ರಾಮಿನ ಸರ, ಐದು ಗ್ರಾಮಿನ ಓಲೆ, ನಾಲ್ಕು ಗ್ರಾಮಿನ ಉಂಗುರ ಆದವು. ಮಜೂರಿ, ತೆರಿಗೆ, ಬೊಟ್ಟು ಎಲ್ಲ ಸೇರಿ ಕೈಯಿಂದ ಕೊಟ್ಟದ್ದು 54 ಸಾವಿರ ಚಿಲ್ಲರೆ. ಬಿಲ್ಲು ಎರಡು ಲಕ್ಷ ದಾಟಿದ್ದರಿಂದ ಪ್ಯಾನ್ ನಂಬರ್ ಕೇಳಿದರು. ಮಗಳ ನಂಬರ್ ಕೊಟ್ಟು ಅವಳ ಹೆಸರಿಗೇ ಬಿಲ್ಲು ಮಾಡಿಸಿದೆ.

ಸೀರೆಯ ಮಾತಿಗೆ ಬರೋಣ. ಮಗಳಿಗೆ ಮೈಸೂರು ರೇಷ್ಮೆಯ ಆಸೆ. 1912ರಲ್ಲಿ ಮಹಾರಾಜರ ಕಾಲದಲ್ಲಿ ಆರಂಭವಾದ ಕಾರ್ಖಾನೆಯ ಸೀರೆ ಅದು, ಜರಿಯಲ್ಲಿ ಬೆಳ್ಳಿ ಬಂಗಾರ ಉಂಟು, ಬೆಲೆಯೂ ಅದಕ್ಕೆ ತಕ್ಕ ಹಾಗೆ. ನನ್ನದೇ ಒಂದು ಗಿಣಿಹಸಿರಿನದು ಪೆಟ್ಟಿಗೆಯಲ್ಲಿತ್ತು. ಡ್ರೈವಾಷ್‌ಗೆ ಕೊಟ್ಟು ರೋಲ್ ಪ್ರೆಸ್ ಮಾಡಿಸಿದ ಮೇಲೆ ಅದು ಹೊಸದೆಂದೇ ನಾಲ್ಕು ಜನ ಬೆಲೆ ಕೇಳಿದರು. ದೇವರ ಸಮಾರಾಧನೆಯ ದಿನಕ್ಕೆ ಅದಾಯಿತು.

ಮುಹೂರ್ತದ ಸೀರೆಗೆ ಚಳ್ಳಕೆರೆಯಲ್ಲಿರುವ ನಾದಿನಿ, ‘ಅತ್ತಿಗೆ, ಮೊಳಕಾಲ್ಮುರಿಗೆ ಬನ್ನಿ, ನೇಯೋರ ಮನೇಲೇ ನೋಡೋಣ’ ಎಂದು ಕರೆದಳು. ಚಿತ್ರದುರ್ಗ ಜಿಲ್ಲೆಯ ಆ ಪುಟ್ಟ ಊರಿನ ರೇಷ್ಮೆ ಸೀರೆಯ ಹೆಸರು ನೀವು ಕೇಳಿಯೇ ಇರುತ್ತೀರಿ. ಮಗ್ಗದ ಸದ್ದು ಕೇಳುವ ಮನೆಯೊಳಗೆ ಚಾಪೆಯ ಮೇಲೆ ಕೂತು ಸೀರೆ ಆರಿಸುವ ಸುಖವೇ ಬೇರೆ. ಗಾಜಿನ ಅಂಗಡಿಯಲ್ಲಿ ಕಣ್ಣು ಕುಕ್ಕುವ ದೀಪದ ಕೆಳಗೆ ಎಲ್ಲ ಸೀರೆಯೂ ಚಂದವೇ. ಇಲ್ಲಿ ಬಾಗಿಲ ಬೆಳಕಿಗೆ ಹಿಡಿದರೆ ಬಣ್ಣ ತನ್ನ ನಿಜ ಹೇಳಿಬಿಡುತ್ತದೆ. ಅರಿಶಿನ ಬಣ್ಣದ ಒಡಲು, ಕುಂಕುಮದ ಅಂಚು, ಅಲ್ಲಲ್ಲಿ ಬುಟ್ಟ. ಹದಿನಾರೂವರೆ ಸಾವಿರ. ಇದೇ ಬಗೆಯದಕ್ಕೆ ಅಂಗಡಿಯಲ್ಲಿ ಐದು ಸಾವಿರ ಹೆಚ್ಚು ಹೇಳಿದ್ದರು. ನಾನು ಚೌಕಾಸಿ ಮಾಡಲಿಲ್ಲ. ‘ಚಿನ್ನದ ಅಂಗಡೀಲಿ ಮಜೂರಿಗೆ ಅಷ್ಟು ಜಗ್ಗಾಡಿದೆ, ಇಲ್ಲಿ ಬಾಯೇ ಬರಲಿಲ್ಲವಲ್ಲ?’ ಎಂದು ಯಜಮಾನರು ಬಸ್ಸಿನಲ್ಲಿ ಕೆಣಕಿದರು. ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ನೇಯುತ್ತಿದ್ದ ಆ ಹೆಂಗಸಿನ ಎದುರು ಐನೂರು ಇಳಿಸಿ ಎನ್ನಲು ನನಗಂತೂ ಆಗದು.

ಅಂಗಡಿಯಲ್ಲೇ ಕೊಳ್ಳುವುದಾದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಗುರುತು ಅದು. ಸಂಶಯ ಬಂದರೆ ಸೆರಗಿನ ಕುಚ್ಚಿನಿಂದ ಒಂದೆರಡು ಎಳೆ, ಅಡ್ಡದ್ದೂ ಉದ್ದದ್ದೂ, ಕೇಳಿ ತೆಗೆದು ಸುಟ್ಟು ನೋಡಿ. ಅಪ್ಪಟ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗಿ ಕೂರುತ್ತದೆ. ಜರಿ ಅಸಲಿ ಬೆಳ್ಳಿಯದೇ ಆಗಬೇಕೆಂಬ ಹಟ ನನಗಿಲ್ಲ. ತಾಮ್ರದ ಜರಿಯ ಸೀರೆಯೂ ಹತ್ತು ಸಲ ಉಡಲು ಚೆನ್ನಾಗಿರುತ್ತದೆ. ಅದಕ್ಕೆ ಬೆಳ್ಳಿ ಜರಿಯ ಬೆಲೆ ತೆರಬೇಡಿ, ಅಷ್ಟೇ.

ಹಣ ಗೊತ್ತಾಗದೆ ಸೋರುವುದು ಉಡುಗೊರೆ ಸೀರೆಗಳಲ್ಲಿ. ಮೊದಲ ಪಟ್ಟಿಯಲ್ಲಿ ಮೂವತ್ತನಾಲ್ಕು ಹೆಸರಿತ್ತು! ಒಂದು ಮಧ್ಯಾಹ್ನ ಕೂತು ಇಪ್ಪತ್ತೆರಡಕ್ಕೆ ಇಳಿಸಿದೆ. ಉಳಿದವರಿಗೆ ಅರಿಶಿನ ಕುಂಕುಮದ ಜೊತೆ ಒಳ್ಳೆಯ ಖಣ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್‌ನಿಂದ ಒಂದೇ ನಿಲ್ದಾಣ ಮೆಟ್ರೋದಲ್ಲಿ ಕೂತು ಚಿಕ್ಕಪೇಟೆಯಲ್ಲಿ ಇಳಿದೆವು. ಆ ಓಣಿಗಳಲ್ಲಿ ಒಂದೇ ಕಡೆ ಇಪ್ಪತ್ತೆರಡು ಕೊಂಡರೆ ಸಗಟಿನ ದರ ಸಿಗುತ್ತದೆ. ಎಲ್ಲವೂ ಒಂದೇ ಬೆಲೆಯವು, ತಲಾ ಒಂಬೈನೂರು, ಬಣ್ಣ ಮಾತ್ರ ಬೇರೆ ಬೇರೆ. ‘ನಿಂಗೆ ಕೊಟ್ಟಿದ್ದು ಜಾಸ್ತಿದು, ನಂಗೆ ಕಡಿಮೇದು’ ಎಂಬ ಮುಸುಮುಸುವಿಗೆ ಜಾಗವೇ ಇಲ್ಲ. ಬೀಗಿತ್ತಿಗೆ ಮತ್ತು ನಮ್ಮ ಅತ್ತೆಗೆ ಬೇರೆ ತೆಗೆದೆವು.

ಆರತಕ್ಷತೆಯ ಲೆಹೆಂಗಾ ಬಾಡಿಗೆಗೆ. ಅತ್ತೆ ‘ಯಾರೋ ಉಟ್ಟಿದ್ದು’ ಎಂದು ಮೂಗು ಮುರಿದರು. ಮೂರು ಗಂಟೆ ಹೊತ್ತು ಮೆರೆದು ಮುಂದೆ ಬೀರುವಿನಲ್ಲಿ ಮಲಗುವ ಬಟ್ಟೆಗೆ ಮೂವತ್ತು ಸಾವಿರ ಕೊಡುವುದಕ್ಕಿಂತ ಇದು ವಾಸಿಯಲ್ಲವೇ? ಅಳಿಯನೂ ಸೂಟು ಬೇಡವೆಂದು ರೇಷ್ಮೆ ಪಂಚೆ, ಶಲ್ಯ ತೆಗೆಸಿಕೊಂಡ. ನಾನು ದಂಗಾದದ್ದು ರವಿಕೆಯ ಹೊಲಿಗೆಗೆ! ಆರಿ ಕೆಲಸವಂತೆ, ಮಣಿ ಮುತ್ತು ಪೋಣಿಸಿ ಒಂದು ರವಿಕೆಗೆ ಎಂಟು ಸಾವಿರ ಹೇಳಿದಳು ದರ್ಜಿ. ಮುಹೂರ್ತದ ರವಿಕೆಗೆ ತೋಳಿನ ಅಂಚಿಗೆ ಮಾತ್ರ ಹಾಕಿಸಿ ಎರಡೂವರೆಗೆ ಮುಗಿಸಿದೆವು. ಹೊಲಿಗೆಗೆ ಕೊಡುವಾಗ ಮದುವೆಗೆ ಹದಿನೈದು ದಿನ ಮುಂಚಿನ ತಾರೀಕನ್ನೇ ಮದುವೆಯ ತಾರೀಕೆಂದು ಹೇಳಿ. ಈ ಒಂದು ಸುಳ್ಳಿಗೆ ಪಾಪವಿಲ್ಲ.

ಕೊನೆಗೊಂದು ವಿಷಯ, ಇದನ್ನು ನಮ್ಮಲ್ಲಿ ಬಹಳ ಮಂದಿ ಮಾಡುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಕೆಳಗೆ 1985ರಲ್ಲಿ ಮಾಡಿದ ನಿಯಮದಂತೆ, ಮದುವೆಯಲ್ಲಿ ಹುಡುಗಿಗೂ ಹುಡುಗನಿಗೂ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕು. ವಸ್ತು ಯಾವುದು, ಸುಮಾರು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ‘ಮದುವೆ ಮನೇಲಿ ಇದೆಂಥಾ ಕೋರ್ಟು ಕಚೇರಿ’ ಎನ್ನುವವರು ಎನ್ನಲಿ. ಹೆಣ್ಣುಮಗಳ ಒಡವೆ ಹೆಣ್ಣುಮಗಳದೇ ಎಂದು ಹೇಳಲು ನಾಳೆ ನಾವಿರುತ್ತೇವೋ ಇಲ್ಲವೋ, ಕಾಗದವಿರುತ್ತದೆ. ಮದುವೆಯ ಮಾರನೆಯ ದಿನ ಬೀಗಿತ್ತಿಯೂ ಪಕ್ಕದಲ್ಲಿ ಕೂತು, ತಮ್ಮ ಕಡೆಯ ಒಂದೊಂದನ್ನೂ ನೆನಪಿಸಿ ಬರೆಸಿದರು. ಬಿಲ್ಲುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಆ ಪಟ್ಟಿಯ ಜೊತೆ ಮಗಳ ಪೆಟ್ಟಿಗೆಯಲ್ಲಿಟ್ಟೆ.

ಸಹಿಗೆ ಕೊಡುವ ಮೊದಲು ಕೂಡಿಸಿ ನೋಡೆಂದು ಪಟ್ಟಿಯನ್ನು ತಮ್ಮನ ಕೈಗೆ ಕೊಟ್ಟೆ. ನಮ್ಮ ಕಡೆ ಕಾಲುಂಗುರ ಸೋದರಮಾವನ ಬಾಬತ್ತು. ನಿಶ್ಚಿತಾರ್ಥದ ದಿನವೇ ಸೊಸೆಯ ಕಾಲ್ಬೆರಳಿಗೆ ದಾರ ಸುತ್ತಿ ಅಳತೆ ತೆಗೆದುಕೊಂಡು ಹೋಗಿ ಗಟ್ಟಿ ಬೆಳ್ಳಿಯದು ಮಾಡಿಸಿ ತಂದಿದ್ದ. ಅದು ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಕನ್ನಡಕ ಸರಿಮಾಡಿಕೊಂಡು, ಗಿರಣಿಯ ಲೆಕ್ಕದ ಪುಸ್ತಕದಲ್ಲಿ ಬರೆಯುವ ಅದೇ ದುಂಡು ಅಕ್ಷರದಲ್ಲಿ ಕೊನೆಯ ಸಾಲನ್ನು ಅವನೇ ಬರೆದ: ಬೆಳ್ಳಿ ಕಾಲುಂಗುರ, ಒಂದು ಜೊತೆ, ಸೋದರಮಾವನಿಂದ.